ಅರವತ್ತಮೂರು ಗ್ರಾಂ ಅನುಮಾನ

ನನ್ನ ಹೆಂಡತಿ ಮೂರನೆಯ ಸಲ ಸತ್ತ ಸಂಜೆ ವೈರ್‌ಲೆಸ್ ಮೌಸ್‌ನ ಮಾತು ಬಂತು. ಮೊದಲೆರಡು ಸಲ ಸತ್ತಾಗ ಅವಳು ತನ್ನನ್ನೇ ಬೈದುಕೊಂಡಿದ್ದಳು. ಮೂರನೆಯ ಸಲದ ತಪ್ಪು ಮೌಸ್‌ನ ಬಾಲದ್ದೆಂದು ತೀರ್ಮಾನವಾಯಿತು. ಮಾಡಿನ ಮೇಲೆ ಅಡಗಿದ್ದ ಶತ್ರುವಿನ ಕಡೆಗೆ ಬಂದೂಕು ತಿರುಗಿಸುವ ಹೊತ್ತಿಗೆ ಸರಿಯಾಗಿ ವೈರು ಮೇಜಿನ ಅಂಚಿಗೆ ಸಿಕ್ಕಿಕೊಂಡು, ಬಂದೂಕು ಆಕಾಶ ನೋಡುತ್ತ ನಿಂತುಬಿಟ್ಟಿತಂತೆ. ಮಂದಾಕಿನಿ ಹೆಡ್‌ಫೋನ್ ತೆಗೆದಿಟ್ಟು, ಮೌಸನ್ನು ಬಾಲ ಹಿಡಿದೆತ್ತಿ, ಬೋನಿಗೆ ಬಿದ್ದದ್ದನ್ನು ಹೊರಗೆ ಹಾಕುವವಳ ಹಾಗೆ ನನ್ನ ಮುಂದೆ ತೂಗಾಡಿಸಿದಳು. "ಸಾಕು ಇದರ ಸಹವಾಸ. ಬಾಲ ಇಲ್ಲದ್ದು ತರೋಣ."

ಮಂದಾಕಿನಿಗೆ ಐವತ್ತನಾಲ್ಕು. ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವಳು ಈಗ ಮನೆಯಲ್ಲಿ ಕುಳಿತು ಬೆಳಿಗ್ಗೆಯೆಲ್ಲ ಲ್ಯಾಪ್‌ಟಾಪಿನಲ್ಲಿ ಉಯಿಲು, ಅರ್ಜಿ, ವಿಚ್ಛೇದನದ ಒಪ್ಪಂದಗಳನ್ನು ಟೈಪು ಮಾಡುತ್ತಾಳೆ. ಸಂಜೆ ಅದೇ ಲ್ಯಾಪ್‌ಟಾಪಿನಲ್ಲಿ ಜನರನ್ನು ಕೊಲ್ಲುತ್ತಾಳೆ. ಆಟದಲ್ಲಿ ಅವಳ ಹೆಸರು ಕಡಜ. ಐದು ಜನರ ಒಂದು ತಂಡವಿದೆ. ಆ ಮೂರನೆಯ ಸಾವಿನಿಂದಾಗಿ ತಂಡಕ್ಕೆ ಉಳಿದದ್ದು ಒಂದೇ ಪಂದ್ಯ: ಮುಂದಿನ ತಿಂಗಳ ಮೊದಲ ಭಾನುವಾರ, ನಾಲ್ಕು ಗಂಟೆಗೆ. ಗೆದ್ದರೆ ರಾಜ್ಯಮಟ್ಟಕ್ಕೆ ಹೋಗುತ್ತಾರೆ, ಹೆಸರು ಅಚ್ಚಾಗುತ್ತದೆ. ಸೋತರೆ ತಂಡವೇ ಮುಗಿಯಿತು.

"ಮೂವತ್ತು ವರ್ಷ ಕಂಡವರ ಹೆಸರೆಲ್ಲ ಟೈಪು ಮಾಡಿದ್ದೀನಿ," ಅಂದಳು. "ಒಂದು ಸಲ ಯಾರಾದ್ರೂ ನನ್ನ ಹೆಸರು ಟೈಪು ಮಾಡ್ಲಿ."

"ಕಡಜ ಅಂತ ಮಾಡ್ತಾರೆ."

"ಮಾಡ್ಲಿ ಬಿಡಿ."

ಬೇರೆ ಊರಿನಲ್ಲಾಗಿದ್ದರೆ ಇದು ಅಂಗಡಿಗೆ ಹೋಗಿಬರುವಷ್ಟು ವಿಷಯ. ನಮ್ಮ ಊರಿನಲ್ಲಿ ಕಟ್ಟದೆ ಬಿಟ್ಟ ವಸ್ತು ನಿಲ್ಲುವುದಿಲ್ಲ. ಅದನ್ನು ಯಾರು ಎಲ್ಲರಿಗಿಂತ ಹೆಚ್ಚು ಬಯಸುತ್ತಾರೋ ಅವರ ಹತ್ತಿರ ಹೋಗಿಬಿಡುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನ ಎರಡರಿಂದ ಮೂರರ ಒಳಗೆ, ಉಂಡ ಊರು ಕಣ್ಣು ಮುಚ್ಚಿರುವಾಗ. ಹೇಗೆ ಹೋಗುತ್ತದೆಂದು ನೋಡಿದವರಿಲ್ಲ. ನೋಡಲೇಬೇಕೆಂಬ ಹಟವೂ ಯಾರಿಗೂ ಇಲ್ಲ, ಆ ಹೊತ್ತಿನ ನಿದ್ದೆ ಅಷ್ಟು ಚೆನ್ನಾಗಿರುತ್ತದೆ. ಆದ್ದರಿಂದ ಇಲ್ಲಿ ಸೌಟಿಗೆ ದಾರ, ಛತ್ರಿಗೆ ದಾರ, ಕನ್ನಡಕಕ್ಕೆ ದಾರ. ನಾನು ನೋಡಿಕೊಳ್ಳುವ ಲೈಬ್ರರಿಯಲ್ಲಿ ಎಂಟು ಸಾವಿರ ಪುಸ್ತಕಗಳಿಗೂ ಕೆಂಪು ದಾರವಿದೆ, ಯಾರೂ ಬಯಸದ ಪುಸ್ತಕಗಳಿಗೂ ಸಹ. ಸುಮ್ಮನೆ ಅವುಗಳ ಮರ್ಯಾದೆಗೆ.

ನಮ್ಮಲ್ಲಿ ಯಾರೂ 'ಕಳೆದುಹೋಯಿತು' ಎನ್ನುವುದಿಲ್ಲ, 'ಒಲಿದುಹೋಯಿತು' ಎನ್ನುತ್ತಾರೆ. ಒಲಿದು ಬಂದ ವಸ್ತುವನ್ನು ಇಟ್ಟುಕೊಳ್ಳುವಂತಿಲ್ಲ. ಯಾರದೋ ಅವರ ಮನೆಯ ಮುಂದಿನ ಕಲ್ಲಿನ ಮೇಲೆ ಇಟ್ಟು, ಮುಖ ತಿರುಗಿಸಿ ನಿಲ್ಲಬೇಕು. ಮನೆಯವರು ಬಂದು ಎತ್ತಿಕೊಳ್ಳುತ್ತಾರೆ. ಎಲ್ಲಿಗೆ ಹೋಗಿತ್ತು ಎಂದು ಕೇಳುವಂತಿಲ್ಲ. 'ಎಲ್ಲಿಗೆ ಹೋಗಿತ್ತು?' ಎಂಬುದು ನಮ್ಮಲ್ಲಿ ಪ್ರಶ್ನೆಯಲ್ಲ, ಬೈಗುಳ. ಒಂದು ಅಡಕೊತ್ತಿನ ವಿಷಯದಲ್ಲಿ ಹಾಗೆ ಕೇಳಿದ್ದಕ್ಕೆ ಎರಡು ಮನೆಯವರು ಹತ್ತೊಂಬತ್ತು ವರ್ಷದಿಂದ ಮಾತು ಬಿಟ್ಟಿದ್ದಾರೆ. ಒಲಿದು ಬಂದದ್ದನ್ನು ಯಾರಾದರೂ ಬೀದಿಯಲ್ಲಿ ಹೊತ್ತು ಹೋಗುತ್ತಿದ್ದರೆ ಎದುರಾದವರು ಬೇರೆ ಕಡೆ ನೋಡುತ್ತಾರೆ. ಮನುಷ್ಯನ ಆಸೆಯನ್ನು ಹಾಡಹಗಲಲ್ಲಿ ದಿಟ್ಟಿಸಬಾರದು ಎಂಬಷ್ಟು ನಾಗರಿಕತೆ ನಮಗಿದೆ.

ಇನ್ನೊಂದು ಮಾತು ಹೇಳಬೇಕು. ಹರೆಯದವರು ಇಲ್ಲಿ ಕಾಗದ ಬರೆಯುವುದಿಲ್ಲ, ಕರವಸ್ತ್ರದ ಗಂಟು ಬಿಚ್ಚಿಡುತ್ತಾರೆ. ಬೇಕಾದವರ ಹತ್ತಿರ ಹೋಯಿತೋ, ಉತ್ತರ ಬಂದಂತೆ. ನಾನೂ ಒಂದು ಕಾಲದಲ್ಲಿ ಪೆನ್ನನ್ನು ಕಟ್ಟದೆ ಬಿಟ್ಟಿದ್ದೆ. ಅದು ಕೋರ್ಟಿಗೆ ಹೋಗಿ ಹೊಸ ಟೈಪಿಸ್ಟಿನ ಮೇಜಿನ ಮೇಲೆ ಮಲಗಿತು. ಮರುದಿನ ನಮ್ಮ ಮನೆಯ ಕಲ್ಲಿನ ಮೇಲೆ ವಾಪಸು ಬಂದಾಗ ಅದರಲ್ಲಿ ಇಂಕು ತುಂಬಿತ್ತು.

ಈಗ ಅದೇ ಟೈಪಿಸ್ಟ್ ಬಾಲವಿಲ್ಲದ ಮೌಸ್ ಕೇಳುತ್ತಿದ್ದಾಳೆ. ನನಗೆ ಅನುಮಾನ ಬಂದರೆ ಅದು ನನ್ನ ತಪ್ಪೇ?

ಅನುಮಾನಕ್ಕೆ ಆಧಾರವೂ ಇತ್ತು. ತಂಡದಲ್ಲಿ ಮುಂಗುಸಿ ಎಂಬ ಹೆಸರಿನವರೊಬ್ಬರಿದ್ದರು. "ಎಡಗಡೆ, ಮುಂಗುಸಿ, ಎಡಗಡೆ! ಅಯ್ಯೋ ನಿನ್ನ!" ಎಂದು ಮಂದಾಕಿನಿ ಕೂಗಿ ನಗುತ್ತಿದ್ದಳು. ಅಷ್ಟು ಸಲಿಗೆಯಲ್ಲಿ ಅವಳು ನನ್ನನ್ನು ಬೈದು ಎಷ್ಟೋ ವರ್ಷಗಳಾಗಿದ್ದವು. ಒಂದು ಸಂಜೆ ಅವಳು ಕಾಫಿಗೆಂದು ಎದ್ದಾಗ ಹೆಡ್‌ಫೋನ್ ಮೇಜಿನ ಮೇಲಿತ್ತು. ಐದು ಗಂಟೆಗೆ ಎಣ್ಣೆ ಗಿರಣಿಯ ಸೈರನ್ ಕೂಗಿತು. ಕಿಟಕಿಯಿಂದ ದಪ್ಪವಾಗಿ ಕೂಗಿತು. ಅದೇ ಹೊತ್ತಿಗೆ ಹೆಡ್‌ಫೋನಿನೊಳಗಿಂದಲೂ ಸಣ್ಣಗೆ ಕೂಗಿತು. ನನ್ನ ಕಿವಿ ಇಂಥ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಮುಂಗುಸಿ ಇದೇ ಊರಿನಲ್ಲಿತ್ತು. ಮೂರು ದಿನದ ನಂತರ ಮೂರು ಬೀದಿಯಾಚೆಯ ಹೋಮಿಯೋಪತಿ ಡಾಕ್ಟರು ಪಂಚಾಕ್ಷರಿ ಲೈಬ್ರರಿಗೆ ಬಂದರು. ಅವರ ತಲೆಗೂದಲಿನಲ್ಲಿ ಈ ಕಿವಿಯಿಂದ ಆ ಕಿವಿಯವರೆಗೆ ಒಂದು ಗೆರೆ ಬಿದ್ದಿತ್ತು, ಹೆಡ್‌ಫೋನಿನ ಗೆರೆ. ಅವರು ಕೇಳಿದ ಪುಸ್ತಕ ಇಲ್ಲವೆಂದೆ. ಅದು ಅವರ ಎದುರಿಗೇ ಇತ್ತು.

ಮೌಸ್ ಆರಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅವಳ ಮೇಲಿನ ಪ್ರೀತಿಗೆ ಎಂದು ಅವಳು ತಿಳಿದಳು, ನಾನೂ ತಿದ್ದಲಿಲ್ಲ. ಲೈಬ್ರರಿಗೆ ಬರುವ ಕಂಪ್ಯೂಟರ್ ಪತ್ರಿಕೆಗಳ ಮೂರು ವರ್ಷದ ಸಂಚಿಕೆಗಳನ್ನು ಓದಿ, ನೋಟುಬುಕ್ಕಿನಲ್ಲಿ ಹನ್ನೊಂದು ಪುಟ ಬರೆದುಕೊಂಡೆ. ಆಟದವರಿಗೆ ಹಗುರವಾದದ್ದು ಬೇಕು, ಆಫೀಸಿನವರಿಗೆ ಕೈ ತುಂಬುವಂಥದ್ದು. ಆಟದವರಿಗೆ ವೇಗ, ಆಫೀಸಿನವರಿಗೆ ತಿಂಗಳುಗಟ್ಟಲೆ ಬರುವ ಬ್ಯಾಟರಿ. ಇಬ್ಬರೂ ಒಬ್ಬಳೇ ಆಗಿರುವಾಗ ಏನು ಮಾಡಬೇಕೆಂದು ಯಾವ ಪತ್ರಿಕೆಯೂ ನೇರವಾಗಿ ಹೇಳಲಿಲ್ಲ.

ದಸ್ತಗೀರ್ ಅವರ ಅಂಗಡಿಯ ಗಾಜಿಗೆ ಒಳಗಿನಿಂದ ಪರದೆ ಹಾಕಿರುತ್ತಾರೆ. ನಮ್ಮ ಊರಿನಲ್ಲಿ ಸರಕನ್ನು ಬೀದಿಗೆ ಕಾಣುವಂತೆ ಇಡುವುದು ಬುದ್ಧಿವಂತಿಕೆಯಲ್ಲ. ಬಾಗಿಲಿಗೆ ಬೋರ್ಡು: 'ಒಳಗೆ ಬಂದು ಬಯಸಿ.' ಒಳಗೆ ಮೌಸುಗಳೆಲ್ಲ ಒಂದೊಂದು ಕೊಕ್ಕೆಗೆ ಒಂದೊಂದು ದಾರದಲ್ಲಿ ಕಟ್ಟಿಸಿಕೊಂಡು ಕುಳಿತಿದ್ದವು.

"ಯಾರಿಗೆ ಸಾರ್?" ಅಂದರು ದಸ್ತಗೀರ್.

"ಮನೆಯವರಿಗೆ."

"ಹಂಗಾರೆ ಕೈ ತೋರಿಸಿ ಅಮ್ಮ." ಮಂದಾಕಿನಿ ಕೈ ಚಾಚಿದಳು. ಅವರು ಮುಟ್ಟದೆ, ಪಕ್ಕದಲ್ಲಿ ಸ್ಕೇಲು ಹಿಡಿದು ನಡುಬೆರಳಿನಿಂದ ಮಣಿಕಟ್ಟಿನವರೆಗೆ ಅಳೆದರು. "ಹದಿನೇಳು ಸೆಂಟಿಮೀಟರು. ಅಂಗೈ ಪೂರ್ತಿ ಇಟ್ಟು ಹಿಡೀತೀರೋ, ಬೆರಳಿನ ತುದೀಲೋ?"

"ಬೆಳಿಗ್ಗೆ ಅಂಗೈ. ಸಂಜೆ ಬೆರಳಿನ ತುದಿ," ಅಂದಳು ಅವಳು.

ದಸ್ತಗೀರ್ ನನ್ನ ಕಡೆ ನೋಡಿದರು. ಆ ನೋಟ ಏನು ಹೇಳಿತೆಂದು ನಾನು ಆಮೇಲೂ ತುಂಬ ಹೊತ್ತು ಯೋಚಿಸಿದೆ.

ಮೊದಲು ತೆಗೆದದ್ದು ಏಳು ಬಣ್ಣದ ದೀಪ ಹತ್ತುವ ಒಂದು ಮೌಸ್. ಡಬ್ಬದ ಮೇಲೆ ಇಪ್ಪತ್ತಾರು ಸಾವಿರ ಡಿಪಿಐ ಎಂದು ಬರೆದಿತ್ತು, ಅಂದರೆ ಕೈ ಒಂದಿಂಚು ಸರಿದರೆ ಬಾಣದ ಗುರುತು ಇಪ್ಪತ್ತಾರು ಸಾವಿರ ಚುಕ್ಕೆ ಓಡುತ್ತದೆ.

"ಇಷ್ಟನ್ನ ಯಾರು ಬಳಸ್ತಾರೆ?" ಅಂದೆ.

"ಯಾರೂ ಇಲ್ಲ ಸಾರ್. ಡಬ್ಬದ ಮೇಲೆ ಏನಾದ್ರೂ ಬರೀಬೇಕಲ್ಲ."

"ನನಗೆ ಎಂಟುನೂರು ಸಾಕು," ಅಂದಳು ಮಂದಾಕಿನಿ. "ದೀಪ ಬೇಡ, ಮದುವೆ ಛತ್ರದ ಹಾಗಿದೆ."

ಎರಡನೆಯದು ಬ್ಲೂಟೂತಿನದು. ಸಣ್ಣದು, ಚಂದದ್ದು, ಲ್ಯಾಪ್‌ಟಾಪಿಗೆ ಏನೂ ಸಿಕ್ಕಿಸಬೇಕಿಲ್ಲ. ನನಗೆ ಹಿಡಿಸಿತು. ದಸ್ತಗೀರ್ ತಲೆಯಾಡಿಸಿದರು. "ಕಾಗದ ಪತ್ರಕ್ಕೆ ಇದು ಒಳ್ಳೇದು. ಆಟಕ್ಕೆ ಬೇಡ ಅಮ್ಮ. ನೀವು ಗುಂಡು ಹೊಡೆಯೋದ್ರೊಳಗೆ ಶತ್ರು ಊಟ ಮುಗಿಸಿ ಕೈ ತೊಳ್ಕೊಂಡಿರ್ತಾನೆ. ನಿಮಗೆ ರಿಸೀವರ್ ಇರೋದೇ ಬೇಕು." ಅಂದರೆ ಲ್ಯಾಪ್‌ಟಾಪಿನ ಪಕ್ಕಕ್ಕೆ ಸಿಕ್ಕಿಸುವ ಉಗುರಿನಷ್ಟು ದೊಡ್ಡ ತುಂಡು, ಮೌಸ್ ಅದರ ಜೊತೆ ಮಾತ್ರ ಮಾತಾಡುತ್ತದೆ, ಬಹಳ ಬೇಗ ಮಾತಾಡುತ್ತದೆ.

ಮೂರನೆಯದು ಸದ್ದಿಲ್ಲದ ಮೌಸ್. ಒತ್ತಿದರೆ ಕಿಟಿಕ್ ಎನ್ನುವುದಿಲ್ಲ. ಅದು ಬೇಡವೆಂದು ನಾನೇ ಹೇಳಿದೆ. ಕೋರ್ಟಿನಲ್ಲಿ ಸದ್ದಿನ ನಡುವೆ ಬೆಳೆದ ಕೈ, ಸದ್ದಿಲ್ಲದೆ ಅದಕ್ಕೆ ಒಗ್ಗುವುದಿಲ್ಲ ಎಂದು ಕಾರಣ ಕೊಟ್ಟೆ. ನಿಜವಾದ ಕಾರಣ, ಪಕ್ಕದ ಕೋಣೆಯಲ್ಲಿ ಕುಳಿತ ನನಗೆ ಅದು ಕೇಳಿಸಬೇಕಾಗಿತ್ತು. "ಅಬ್ಬ, ನನ್ನ ಕೈಯ ವಿಷಯ ಎಷ್ಟು ತಿಳ್ಕೊಂಡಿದ್ದೀರ!" ಅಂದಳು ಮಂದಾಕಿನಿ. ಅವಳ ದನಿಯಲ್ಲಿದ್ದದ್ದು ಮೆಚ್ಚುಗೆಯೋ ಅನುಮಾನವೋ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಅನುಮಾನ ನನ್ನೊಬ್ಬನ ಗುತ್ತಿಗೆಯಲ್ಲ.

ಕೊನೆಗೆ ಒಪ್ಪಿದ್ದು ಒಂದು ಕಪ್ಪು ಮೌಸನ್ನು. ಅರವತ್ತಮೂರು ಗ್ರಾಂ, ಒಂದು ಕೋಳಿಮೊಟ್ಟೆಗಿಂತ ಒಂದು ಚೂರು ಹೆಚ್ಚು. ಹೊಟ್ಟೆಯಲ್ಲಿ ರಿಸೀವರ್ ಇಡಲು ಗೂಡು, ಹೆಬ್ಬೆರಳಿಗೆ ಎರಡು ಗುಂಡಿ, ಒಮ್ಮೆ ಚಾರ್ಜು ಮಾಡಿದರೆ ವಾರಕ್ಕೆ ತೊಂದರೆಯಿಲ್ಲ. ದಸ್ತಗೀರ್ ಬಾಗಿಲು ಹಾಕಿ ಗಂಟು ಬಿಚ್ಚಿ ಕೊಟ್ಟರು. ಮಂದಾಕಿನಿ ಹಿಡಿದು ನೋಡಿ ನನಗೆ ಕೊಟ್ಟಳು. ನಾನು ಅಂಗೈ ಇಟ್ಟೆ. ಅವಳ ಕೈಯ ಬಿಸಿ ಅದರಲ್ಲಿನ್ನೂ ಇತ್ತು. ಗುಂಡಿಯನ್ನು ಒಮ್ಮೆ ಒತ್ತಿದೆ, ಇನ್ನೊಮ್ಮೆ ಒತ್ತಿದೆ. ದಸ್ತಗೀರ್ "ಸಾರ್" ಎನ್ನುವವರೆಗೂ ಒತ್ತುತ್ತಲೇ ಇದ್ದೆನಂತೆ. ಪರೀಕ್ಷೆ ಮಾಡುತ್ತಿದ್ದೆ, ಅಷ್ಟೆ.

ಅದನ್ನು ಕಟ್ಟುವ ಜವಾಬ್ದಾರಿಯೂ ನನ್ನದಾಯಿತು. ಮೌಸನ್ನು ಮೇಜಿಗೆ ಕಟ್ಟಿದರೆ ಹಳೆಯ ಬಾಲವೇ ಮತ್ತೆ ಬಂದಂತೆ. ನಾನು ಪುಸ್ತಕ ಹೊಲಿಯುವ ಕೆಂಪು ದಾರದಲ್ಲಿ, ಕೂದಲಿಗಿಂತ ಸ್ವಲ್ಪವೇ ದಪ್ಪನಾದ ಎಳೆಯಲ್ಲಿ, ಮೌಸನ್ನು ರಿಸೀವರಿಗೆ ಕಟ್ಟಿದೆ. ರಿಸೀವರ್ ಲ್ಯಾಪ್‌ಟಾಪಿನಲ್ಲಿ ಸಿಕ್ಕಿಕೊಂಡಿರುತ್ತದೆ, ಲ್ಯಾಪ್‌ಟಾಪು ಸರಪಳಿಯಲ್ಲಿ ಮೇಜಿಗಿದೆ. ದಾರ ಉದ್ದವಾಗಿತ್ತು, ಎಲ್ಲಿಯೂ ತೊಡಕುತ್ತಿರಲಿಲ್ಲ. ಮಂದಾಕಿನಿ ಒಂದು ವಾರ ಆಡಿದಳು, ಒಮ್ಮೆಯೂ ಸಾಯಲಿಲ್ಲ. ಬೆಳಿಗ್ಗೆ ಉಯಿಲುಗಳ ಮೇಲೆ ಮೆಲ್ಲಗೆ ಕಿಟಿಕ್, ಸಂಜೆ ಹೆಣಗಳ ಮೇಲೆ ಪಟಪಟನೆ ಕಿಟಿಕಿಟಿ. ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಆ ವಾರ ಎಷ್ಟು ಪುಟ ಓದಿದೆನೆಂದು ಯಾರೂ ಕೇಳದಿದ್ದುದು ಒಳ್ಳೆಯದಾಯಿತು.

ಆ ಭಾನುವಾರ ಊಟ ಬೇಗ ಮುಗಿಯಿತು. ಪಂದ್ಯಕ್ಕೆ ಮುಂಚೆ ಒಂದು ತಾಸು ಕಣ್ಣು ಮುಚ್ಚುತ್ತೇನೆಂದು ಮಂದಾಕಿನಿ ಮಲಗಿದಳು. ನಾನು ಮೇಜಿನ ಹತ್ತಿರ ಹೋದೆ. ರಿಸೀವರಿನ ಮೇಲೆ ಧೂಳು ಕಂಡಿತು. ಅದನ್ನು ಹೊರಗೆಳೆದು, ಊದಿ, ಒರೆಸಿ, ಮೌಸಿನ ಪಕ್ಕದಲ್ಲಿಟ್ಟೆ. ಮೌಸನ್ನೂ ಸ್ವಲ್ಪ ಒರೆಸಿದೆ, ಸ್ವಲ್ಪ ಹೊತ್ತು. ಆಮೇಲೆ ನನಗೂ ಜೋಂಪು ಬಂತು.

ಮೂರು ಹತ್ತಕ್ಕೆ ಮಂದಾಕಿನಿಯ ಕೂಗಿಗೆ ಎಚ್ಚರವಾಯಿತು. ಮೇಜು ಖಾಲಿಯಾಗಿತ್ತು.

"ಗಂಟು ಸರಿಯಾಗಿ ಹಾಕಿದ್ರಾ?"

"ನಾನು ಹಾಕಿದ ಗಂಟು ಬಿಚ್ಚಿದ್ದುಂಟಾ?"

"ಯಾವುದನ್ನ ಯಾವುದಕ್ಕೆ ಕಟ್ಟಿದ್ರಿ?"

"ಮೌಸನ್ನ ರಿಸೀವರಿಗೆ."

"ಅದನ್ನ?"

ನನಗೆ ಆಗ ಹೊಳೆಯಿತು. ಇಡೀ ಊರಿಗೆ ದಾರ ಕಟ್ಟುವ ಮನುಷ್ಯ ನಾನು. ಎರಡು ವಸ್ತುಗಳನ್ನು ಒಂದಕ್ಕೊಂದು ಭದ್ರವಾಗಿ ಕಟ್ಟಿ, ಜೊತೆಯಾಗಿ ಹೊರಡಲು ಬಿಟ್ಟಿದ್ದೆ.

ಮಂದಾಕಿನಿ ಬೈಯಲಿಲ್ಲ. ಅಟ್ಟದ ಡಬ್ಬದಿಂದ ಹಳೆಯ ಮೌಸ್ ತೆಗೆದು, ಅದರ ಬಾಲದ ಸಿಕ್ಕು ಬಿಡಿಸಲು ಕುಳಿತಳು. "ದೇವರಿಟ್ಟ ಹಾಗೆ ಆಗುತ್ತೆ," ಅಂದಳು. ಆಟದ ವಿಷಯದಲ್ಲಿ ಅವಳು ದೇವರ ಹೆಸರು ಹೇಳಿದ್ದು ಅದೇ ಮೊದಲು. ಆ ಬಾಗಿದ ತಲೆಯನ್ನು ನೋಡುವುದಕ್ಕಾಗಲಿಲ್ಲ. ಮೊಳೆಯಲ್ಲಿದ್ದ ಬಟ್ಟೆ ಚೀಲದ ದಾರ ಬಿಚ್ಚಿ ಹೆಗಲಿಗೆ ಹಾಕಿಕೊಂಡೆ. ಚೀಲವಿಲ್ಲದೆ ಮನೆ ಬಿಟ್ಟು ನನಗೆ ಅಭ್ಯಾಸವಿಲ್ಲ. "ಎಲ್ಲಿಗೆ?" ಅಂದಳು. "ತರ್ತೀನಿ" ಅಂದೆ. ಎಲ್ಲಿಂದ ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ.

ಬೀದಿಗೆ ಇಳಿದಾಗ ಇಡೀ ಊರೇ ಇದರಲ್ಲಿ ಶಾಮೀಲು ಎಂಬುದು ಖಾತ್ರಿಯಾಯಿತು. ಹೂ ಮಾರುವವಳು ನನ್ನನ್ನು ಕಂಡೊಡನೆ ಮೊಳ ಹಾಕುವುದನ್ನು ಬಿಟ್ಟು ಗೋಡೆ ನೋಡಿದಳು. ಅಂಗಡಿಯ ಬಾಗಿಲಲ್ಲಿ ನಿಂತಿದ್ದ ದಸ್ತಗೀರ್ ಸಲಾಮು ಮಾಡಲು ಕೈ ಎತ್ತಿದವರು, ಅರ್ಧಕ್ಕೇ ಇಳಿಸಿ ಒಳಗೆ ತಿರುಗಿದರು. ಮೂಲೆಯ ಪೊಲೀಸು ಟೋಪಿ ತೆಗೆದು ಅದರೊಳಗೆ ಏನೋ ಹುಡುಕತೊಡಗಿದ. ಎಲ್ಲರಿಗೂ ಗೊತ್ತಿದೆ, ನನಗೊಬ್ಬನಿಗೆ ಗೊತ್ತಿಲ್ಲ, ಎಂದುಕೊಂಡೆ. ಅದು ನಿಜವೇ ಆಗಿತ್ತು.

ಪಂಚಾಕ್ಷರಿಯವರ ಬಾಗಿಲು ಬಡಿದೆ. ತೆರೆದರು. ಕೂದಲಿನಲ್ಲಿ ಅದೇ ಗೆರೆ. ಅವರೂ ನನ್ನನ್ನು ಒಮ್ಮೆ ನೋಡಿ, ಕೂಡಲೇ ಕಣ್ಣನ್ನು ಚಾವಣಿಗೆ ಎತ್ತಿಬಿಟ್ಟರು.

"ಡಾಕ್ಟ್ರೇ," ಅಂದೆ. "ನಮ್ಮನೆ ಮೌಸ್ ಎಲ್ಲಿಗೆ ಹೋಗಿತ್ತು?"

ಹೀಗೆ ನಲವತ್ತು ವರ್ಷ ಪುಸ್ತಕಗಳ ನಡುವೆ ಕಳೆದ ನಾನು ಊರಿನ ಅತ್ಯಂತ ಹೊಲಸು ಮಾತನ್ನು ಬೀದಿಯಲ್ಲಿ ನಿಂತು ಆಡಿದೆ. ಪಂಚಾಕ್ಷರಿಯವರ ಮುಖ ಕೆಂಪಾಯಿತು. ಆದರೂ ಕಣ್ಣು ಚಾವಣಿಯಿಂದ ಇಳಿಯಲಿಲ್ಲ. "ಲೈಬ್ರರಿಯವರೇ, ಒಳಗೆ ಬನ್ನಿ," ಅಂದರು ಮೆಲ್ಲಗೆ. "ಬೀದೀಲಿ ಬೇಡ."

"ಯಾಕೆ ಬೇಡ? ಮುಂಗುಸಿ ಯಾರು ಅಂತ ಊರಿಗೂ ತಿಳೀಲಿ!"

"ಯಾರೋ ಅದು, ನನ್ನ ಹೆಸರು ಹಿಡಿದು ಕೂಗ್ತಿರೋದು?" ಎಂದು ಒಳಗಿನಿಂದ ಒಂದು ಮುದಿ ಗಂಟಲು ಬಂತು. ಹಿಂದೆಯೇ ಡಾಕ್ಟರ ತಾಯಿ ನೀಲಾಂಬಿಕೆ ಬಂದರು. ಎಪ್ಪತ್ತಾರು ವರ್ಷ, ಹಣೆಯ ಮೇಲೆ ವಿಭೂತಿ, ಕುತ್ತಿಗೆಯಲ್ಲಿ ಹೆಡ್‌ಫೋನ್. "ಓ, ಕಡಜದ ಗಂಡನಾ? ನಾಲ್ಕಕ್ಕೆ ಪಂದ್ಯ ಇಟ್ಕೊಂಡು ಇಲ್ಲೇನಪ್ಪ ಮಾಡ್ತಿದೀಯ?"

ಡಾಕ್ಟರ ತಲೆಯ ಗೆರೆಯ ಕಡೆಗೆ ಸುಮ್ಮನೆ ಬೆರಳು ತೋರಿಸಿದೆ.

"ಅಮ್ಮ ಔಷಧಿಗೆ ಎದ್ದಾಗ ನಾನು ಹಾಕ್ಕೊಂಡು ಕೂತಿರಬೇಕು," ಅಂದರು ಪಂಚಾಕ್ಷರಿ, ಚಾವಣಿಗೆ. "ಮೈದಾನ ಖಾಲಿ ಬಿಡೋ ಹಾಗಿಲ್ಲವಂತೆ."

"ನನ್ನ ಮೌಸಿಗೆ ಗಟ್ಟಿ ಬಾಲ ಇದೆ," ಅಂದರು ನೀಲಾಂಬಿಕೆ. "ಅವಳದು ನನಗ್ಯಾಕಪ್ಪ? ಊರೆಲ್ಲ ಹುಡುಕೋಕೆ ಮುಂಚೆ ನಿನ್ನ ಬಾಲ ನೋಡ್ಕೊಂಡ್ಯಾ?" ವಯಸ್ಸಾದವರಿಗೆ ಮುಖ ತಿರುಗಿಸುವ ಮರ್ಯಾದೆಯಿಂದ ವಿನಾಯಿತಿ ಇದೆ. ಅವರು ನೇರವಾಗಿ ನನ್ನ ಚೀಲವನ್ನೇ ನೋಡುತ್ತಿದ್ದರು.

ಚೀಲದ ಬಾಯಿಂದ ಕೆಂಪು ದಾರ ಇಳಿದಿತ್ತು. ಅದರ ತುದಿಯಲ್ಲಿ, ನನ್ನ ಮಂಡಿಯ ಹತ್ತಿರ, ಉಗುರಿನಷ್ಟು ದೊಡ್ಡ ರಿಸೀವರ್ ತೂಗಾಡುತ್ತಿತ್ತು. ಒಳಗೆ ಕೈ ಹಾಕಿದೆ. ನೋಟುಬುಕ್ಕಿನ ಹನ್ನೊಂದು ಪುಟಗಳ ಪಕ್ಕದಲ್ಲಿ, ಅರವತ್ತಮೂರು ಗ್ರಾಂ, ನನ್ನ ಅಂಗೈಗೆ ಬಂದು ಕುಳಿತಿತು. ಮೂರು ಬೀದಿಯ ಉದ್ದಕ್ಕೂ ನಾನು ಅದನ್ನು ಆಡಿಸಿಕೊಂಡು ಬಂದಿದ್ದೆ. ಹೂವಿನವಳು, ದಸ್ತಗೀರ್, ಪೊಲೀಸು, ಎಲ್ಲರೂ ನನ್ನ ಮಾನ ಕಾಯುತ್ತಿದ್ದರು.

"ಡಾಕ್ಟ್ರೇ," ಅಂದೆ, "ಆ ಪುಸ್ತಕ ಲೈಬ್ರರೀಲಿದೆ. ನಾಳಿದ್ದು ಬನ್ನಿ."

"ಗೊತ್ತು," ಅಂದರು ಅವರು. "ಕಣ್ಣೆದುರಿಗೇ ಇತ್ತು."

"ಆಮೇಲೆ ಮಾತಾಡ್ಕೊಳ್ಳಿ!" ನೀಲಾಂಬಿಕೆ ಹೆಡ್‌ಫೋನ್ ಏರಿಸಿಕೊಂಡರು. "ಓಡೋ ಮಾರಾಯ, ಇನ್ನು ಹದಿನೈದು ನಿಮಿಷ ಇದೆ!"

ಓಡಿದೆ. ನಮ್ಮ ಮನೆಯ ಮುಂದಿನ ಕಲ್ಲಿನ ಮೇಲೆ ಮೌಸನ್ನೂ ರಿಸೀವರನ್ನೂ ಇಟ್ಟೆ, ಅಲ್ಲಿ ಯಾರೋ ಚೆಲ್ಲಿದ್ದ ಕಡಲೆಕಾಯಿ ಸಿಪ್ಪೆಯನ್ನು ಒರೆಸಿ. ಬಾಗಿಲು ತಟ್ಟಿ, ಬೀದಿಯ ಕಡೆ ಮುಖ ಮಾಡಿ ನಿಂತೆ. ಸ್ವಂತ ಮನೆಯ ಮುಂದೆ ಹಾಗೆ ನಿಂತವನು ಊರಿನ ಚರಿತ್ರೆಯಲ್ಲಿ ನಾನೇ ಮೊದಲಿಗನಿರಬೇಕು. ಹಿಂದೆ ಬಾಗಿಲು ತೆರೆಯಿತು. ಬಳೆಗಳ ಸದ್ದು, ಕಲ್ಲಿನ ಮೇಲೆ ದಾರ ಎಳೆದ ಸದ್ದು, ಬಾಗಿಲು ಹಾಕಿದ ಸದ್ದು. ಅವಳು ಏನೂ ಕೇಳಲಿಲ್ಲ.

ನಾನು ಒಳಗೆ ಹೋಗಲಿಲ್ಲ. ಕಿಟಕಿಯ ಕೆಳಗೆ ಕುಳಿತು ಒಂದು ಗಂಟೆ ಕಿಟಿಕಿಟಿ ಕೇಳಿದೆ. "ಎಡಗಡೆ, ಮುಂಗುಸಿ!" ಎಂದು ಕೂಗಿದಾಗ ವಿಭೂತಿಯ ಹಣೆ ಎಡಗಡೆಗೆ ತಿರುಗುವುದು ಕಂಡಂತಾಯಿತು. ಕೊನೆಯಲ್ಲಿ ಸದ್ದು ಒಮ್ಮೆಲೇ ನಿಂತಿತು. ಗಿರಣಿಯ ಸೈರನ್ ಕೂಗಿತು; ಅದರ ಮೇಲೆ ಮಂದಾಕಿನಿ ಕೂಗಿದಳು. ಆ ಕೂಗು ಸಾಯುವವರದಲ್ಲವೆಂದು ತಿಳಿಯಲು ಸೂಕ್ಷ್ಮವಾದ ಕಿವಿಯೇನೂ ಬೇಕಿರಲಿಲ್ಲ.

ಬಾಗಿಲು ತೆರೆಯಿತು. ಅವಳ ಮುಖ ಬೆವರಿತ್ತು, ಬಲಗೈ ಇನ್ನೂ ಮೌಸ್ ಹಿಡಿದ ಆಕಾರದಲ್ಲೇ ಇತ್ತು. ನನ್ನ ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತಳು. ಬೀದಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಎರಡೂ ಕಡೆ ನೋಡಿ, ಕಿವಿಯ ಹತ್ತಿರ ಬಾಗಿ, ಊರಿನಲ್ಲಿ ಯಾವ ಹೆಂಡತಿಯೂ ಯಾವ ಗಂಡನಿಗೂ ಆಡದ ಮಾತನ್ನು ಆಡಿದಳು.

"ಎಲ್ಲಿಗೆ ಹೋಗಿತ್ತು?"

"ನನ್ನ ಹತ್ತಿರ," ಅಂದೆ.

ಅವಳು ನಗಲಿಲ್ಲ. ಎದ್ದು ಒಳಗೆ ಹೋದಳು. ಹಿಂದೆಯೇ ಹೋದೆ. ಮೇಜಿನ ಮುಂದೆ ನನ್ನ ಕುರ್ಚಿ ಬಂದಿತ್ತು. ಕಪ್ಪು ಮೌಸನ್ನು ಅವಳು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ಲ್ಯಾಪ್‌ಟಾಪಿಗೆ ಹಳೆಯದನ್ನು ಸಿಕ್ಕಿಸಿದ್ದಳು, ಸಿಕ್ಕು ಬಿಡಿಸಿ, ವೈರು ಅಂಚಿಗೆ ತಾಗದಂತೆ ಒಂದು ದಪ್ಪ ನಿಘಂಟಿನ ಮೇಲೆ ಹಾಯಿಸಿ.

"ಕೂತ್ಕೊಳ್ಳಿ," ಅಂದಳು. "ಕಲಿಯೋವರಿಗೆ ಬಾಲ ಇರೋದೇ ಸಾಕು. ಹೆಸರೇನು ಹಾಕ್ಲಿ?"

ನಾನು ಯೋಚಿಸುತ್ತಿರುವಾಗಲೇ ಏನೋ ಟೈಪು ಮಾಡಿದಳು, ಏನೆಂದು ಹೇಳಲಿಲ್ಲ. ಹಿಂದೆ ನಿಂತು, ನನ್ನ ಕೈಯ ಮೇಲೆ ತನ್ನ ಕೈ ಇಟ್ಟು, "ಎಡಗಡೆ, ಎಡಗಡೆ ನೋಡ್ರೀ, ಅಯ್ಯೋ ನಿಮ್ಮ!" ಎಂದು ಕೂಗಿದಳು.

ಆ ಸಂಜೆ ನಾನು ಹನ್ನೊಂದು ಸಲ ಸತ್ತೆ.